ಮಾರಿಕುಪ್ಪದಲ್ಲಿ ಆ್ಯಪ್‌ಗೆ ಪರೀಕ್ಷೆ

ಇವತ್ತಿನ ಮಾತು ಒಂದು ಪರೀಕ್ಷೆಯ ಬಗ್ಗೆ. ಪರೀಕ್ಷೆಗೆ ಕೂರುವುದು ಮೊಬೈಲಿನ ಒಂದು ಆ್ಯಪ್. ಅಂಕ ಹಾಕಬೇಕಾದವರು ನೀವು.

ಯಾವ ಆ್ಯಪ್ ಅಂತೀರಾ? ಊರಿನ ಹಳೆಯ ಕಟ್ಟಡ, ಶಾಸನದ ಕಲ್ಲು, ಗುಡಿ, ಚರ್ಚು, ರೈಲು ನಿಲ್ದಾಣ ಎಲ್ಲೆಲ್ಲಿವೆ, ಅವುಗಳ ಕಥೆ ಏನು ಅಂತ ತಿಳಿಸುವಂಥದ್ದು. ನೀವು ರಸ್ತೆಯಲ್ಲಿ ನಡೆಯುತ್ತಿರುತ್ತೀರಿ. ನೀವು ಎಲ್ಲಿದ್ದೀರಿ ಅನ್ನುವುದು ಫೋನಿಗೆ ಗೊತ್ತಾಗುತ್ತದೆ. ಹತ್ತಿರದಲ್ಲಿ ಏನಿದೆ ಅಂತ ಅದು ತೋರಿಸುತ್ತದೆ, ಇಲ್ಲವೇ ಕಿವಿಯಲ್ಲಿ ಹೇಳುತ್ತದೆ. ದೊಡ್ಡ ನಗರಗಳಿಗೆ ಇಂಥವು ಬಂದು ಬಹಳ ಕಾಲವಾಯಿತು. ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೂ ಪಕ್ಕದ ಬಂಗಾರಪೇಟೆಗೂ ಸೇರಿ ಅಂಥದ್ದೊಂದು ತಯಾರಾಗಿದೆ ಅಂತ ಇಟ್ಟುಕೊಳ್ಳೋಣ. ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಅಂತ ಹೇಳುವವರು ಯಾರು? ಹೇಗೆ ಹೇಳುತ್ತಾರೆ? ಇವತ್ತು ಇಷ್ಟನ್ನೇ ನೋಡೋಣ.

ಮೊದಲು ಪರೀಕ್ಷೆಯ ಕ್ರಮ. ಇದು ಬಹಳ ಸರಳ. ಆ್ಯಪ್ ಮಾಡಿದವರು ಒಬ್ಬರ ಕೈಗೆ ಫೋನ್ ಕೊಡುತ್ತಾರೆ. ಒಂದು ಸಣ್ಣ ಕೆಲಸ ಹೇಳುತ್ತಾರೆ. ಆಮೇಲೆ ಬಾಯಿ ಮುಚ್ಚಿ ಪಕ್ಕದಲ್ಲಿ ಕೂರುತ್ತಾರೆ. ಫೋನ್ ಹಿಡಿದವರು ಮನಸ್ಸಿನಲ್ಲಿ ಬಂದದ್ದನ್ನು ಜೋರಾಗಿ ಹೇಳುತ್ತಾ ಹೋಗಬೇಕು. ‘ಇದನ್ನ ಒತ್ತಲಾ? ಏನೂ ಆಗಲಿಲ್ಲವಲ್ಲ. ಇದ್ಯಾಕೆ ಇಂಗ್ಲಿಷಿನಲ್ಲಿದೆ?’ ಹೀಗೆ. 1980ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯಲ್ಲಿದ್ದ ಕ್ಲೇಟನ್ ಲೂಯಿಸ್ ಈ ವಿಧಾನವನ್ನು ಕಂಪ್ಯೂಟರ್ ಪರೀಕ್ಷೆಗೆ ತಂದರು. ಇವತ್ತಿಗೂ ಇದಕ್ಕಿಂತ ಅಗ್ಗದ, ಇದಕ್ಕಿಂತ ಚುರುಕಾದ ಇನ್ನೊಂದು ವಿಧಾನ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫೋನ್ ಹಿಡಿದವರು ಎಡವಿದರೆ ತಪ್ಪು ಅವರದ್ದಲ್ಲ. ಆ್ಯಪ್‌ನದ್ದು. ನಮ್ಮ ಹಿರಿಯರು ಕೂಡಲೇ ‘ನನಗೆ ಇದೆಲ್ಲ ಗೊತ್ತಾಗಲ್ಲಪ್ಪ’ ಅಂತ ಫೋನ್ ವಾಪಸ್ ಕೊಟ್ಟುಬಿಡುತ್ತಾರೆ. ಪರೀಕ್ಷೆ ಮಾಡುವವರಿಗೆ ಬೇಕಾದ್ದು ನಿಖರವಾಗಿ ಆ ಗಳಿಗೆ. ಯಾವ ಪರದೆಯ ಹತ್ತಿರ ತಾತ ಫೋನ್ ಕೆಳಗಿಟ್ಟರು? ಆ ಪರದೆಯನ್ನು ಬದಲಾಯಿಸಬೇಕು. ತಾತನನ್ನಲ್ಲ.

ಎಷ್ಟು ಜನ ಬೇಕು? ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಎಂಬ ಇಬ್ಬರು ಸಂಶೋಧಕರು 1993ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಸುಮಾರು ಐದು ಜನರನ್ನು ಕೂರಿಸಿದರೆ ನೂರಕ್ಕೆ ಎಂಬತ್ತರಷ್ಟು ದೋಷ ಸಿಕ್ಕಿಬಿಡುತ್ತವೆ ಅನ್ನುವುದು ಅದರ ಸಾರ. ಆದರೆ ಆ ಐದೂ ಜನ ಒಂದೇ ಬಗೆಯವರಾಗಿದ್ದರೆ ಮಾತ್ರ ಈ ಲೆಕ್ಕ. ಕೆಜಿಎಫ್‌ನಲ್ಲಿ ಹಾಗಿಲ್ಲ. ಅಲ್ಲಿ ಒಂದು ಬೀದಿಯಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ಅಂಗಡಿ ಸಾಲಿನಲ್ಲಿ ಉರ್ದು, ಬಸ್ ಬೋರ್ಡಿನಲ್ಲಿ ಕನ್ನಡ. ಗಣಿಯಲ್ಲಿ ದುಡಿದು ನಿವೃತ್ತರಾದವರು ಬೇರೆ. ಬೆಮಲ್ ಕಾರ್ಖಾನೆಯವರು ಬೇರೆ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಹುಡುಗ ಹುಡುಗಿಯರು ಇನ್ನೂ ಬೇರೆ. ಒಂದೊಂದು ಗುಂಪಿನಿಂದ ಮೂರು ನಾಲ್ಕು ಜನರಾದರೂ ಬೇಕು. ಹುಡುಗರನ್ನು ಹುಡುಕುವುದು ಕಷ್ಟವಿಲ್ಲ. ಮಾರಿಕುಪ್ಪದಿಂದ ಬೆಂಗಳೂರಿಗೆ ಹೋಗುವ ರೈಲು ಹತ್ತಿದರೆ ಸಾಕು. ಎರಡು ಗಂಟೆ ಹೊತ್ತು ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ, ಮಾಡಲು ಬೇರೆ ಕೆಲಸವಿರುವುದಿಲ್ಲ. ಹಿರಿಯರನ್ನು ಮಾತ್ರ ಅವರ ಮನೆ ಬಾಗಿಲಿಗೆ ಹೋಗಿಯೇ ಕಾಣಬೇಕು.

ಇಲ್ಲಿಯ ತನಕ ಹೇಳಿದ್ದು ಇಷ್ಟು. ಪರೀಕ್ಷೆ ಆ್ಯಪ್‌ಗೆ. ಸಹಾಯ ಮಾಡದೆ ಪಕ್ಕದಲ್ಲಿ ಕೂತು ನೋಡಬೇಕು. ಬಗೆಬಗೆಯ ಜನ ಬೇಕು. ಈಗ ಜಾಗಕ್ಕೆ ಹೋಗೋಣ. ಬಂಗಾರಪೇಟೆ ಜಂಕ್ಷನ್‌ನಿಂದ ಶುರು ಮಾಡೋಣ.

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ತನಕ ರೈಲು ಬಂದಾಗ ಈ ದಾರಿ ತೆರೆಯಿತು. ಊರಿಗೆ ಆಗ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಬಂತು: ಬೌರಿಂಗ್‌ಪೇಟೆ. ಕೆಜಿಎಫ್‌ನಲ್ಲಿ ಚಿನ್ನ ಸಿಗತೊಡಗಿದ ಮೇಲೆ, 1894ರಲ್ಲಿ, ಇಲ್ಲಿಂದ ಮಾರಿಕುಪ್ಪಕ್ಕೆ ಸುಮಾರು 16 ಕಿಲೋಮೀಟರ್ ಉದ್ದದ ಕವಲು ದಾರಿ ಹಾಕಿದರು. ಆಮೇಲೆ 1910ರ ದಶಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ನ್ಯಾರೋಗೇಜ್ ರೈಲು ಬಂತು. ಅದರ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ. ಅಂದರೆ ಇವತ್ತಿನ ಹಳಿಯ ಅರ್ಧಕ್ಕಿಂತ ಕಡಿಮೆ. ಆ ಪುಟ್ಟ ರೈಲು ಈಗಿಲ್ಲ. ಚಿಕ್ಕಬಳ್ಳಾಪುರದ ತನಕ 2013ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು.

ಪರೀಕ್ಷೆಯ ಮೊದಲ ಕೆಲಸ ಇಲ್ಲೇ ಕೊಡಬಹುದು. ‘ನೀವು ಪ್ಲಾಟ್‌ಫಾರಂ ಮೇಲಿದ್ದೀರಿ. ಮುಂದಿನ ರೈಲಿಗೆ ಮುಕ್ಕಾಲು ಗಂಟೆ ಇದೆ. ಈ ಊರಿನ ಬಗ್ಗೆ ಏನಾದರೂ ತಿಳಿದುಕೊಳ್ಳಿ.’ ಗಮನಿಸಿ, ‘ಎಕ್ಸ್‌ಪ್ಲೋರ್ ಬಟನ್ ಒತ್ತಿ’ ಅಂತ ಹೇಳಲಿಲ್ಲ. ಬಟನ್ನಿನ ಹೆಸರು ಹೇಳಿಬಿಟ್ಟರೆ ಉತ್ತರ ಹೇಳಿಕೊಟ್ಟಂತೆ. ಕೆಲಸವನ್ನು ಜೀವನದ ಮಾತಿನಲ್ಲಿ ಕೊಡಬೇಕು. ಆಗ ಏನಾಗುತ್ತದೆ ಅಂತ ಊಹಿಸಬಲ್ಲೆ. ಹತ್ತರಲ್ಲಿ ಎಂಟು ಜನ ಮೊದಲು ಹುಡುಕುವುದು ಬಂಗಾರಪೇಟೆ ಪಾನಿಪುರಿಯನ್ನು! ಬಣ್ಣವಿಲ್ಲದ, ತಿಳಿನೀರಿನಂಥ ಪಾನಿಯ ಆ ಪಾನಿಪುರಿ ಈಗ ರಾಜ್ಯದ ಉದ್ದಗಲಕ್ಕೂ ಬೋರ್ಡಿನ ಮೇಲೆ ಊರ ಹೆಸರು ಹೊತ್ತು ನಿಂತಿದೆ. ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಬೇಕೋ ಬೇಡವೋ ಅಂತ ಆ್ಯಪ್ ಮಾಡಿದವರು ತಲೆ ಕೆಡಿಸಿಕೊಳ್ಳಬಹುದು. ಜನ ಹುಡುಕುತ್ತಾರೆ ಅಂದ ಮೇಲೆ ಸೇರಿಸಿ. ಪಾನಿಪುರಿ ತಿನ್ನಲು ಬಂದವರಿಗೆ ಬೌರಿಂಗ್ ಕಥೆಯನ್ನೂ ಪುಟ್ಟ ರೈಲಿನ ಕಥೆಯನ್ನೂ ಹೇಳಿ ಕಳಿಸಿದರಾಯಿತು.

ಬಂಗಾರಪೇಟೆಯ ಕೆಲಸ ಸುಲಭ. ನೋಡಲು ವಸ್ತು ಕಣ್ಣೆದುರು ಇದೆ. ಕೆಜಿಎಫ್‌ನಲ್ಲಿ ಹಾಗಲ್ಲ. ನಿಜವಾದ ಪರೀಕ್ಷೆ ಅಲ್ಲಿದೆ.

ಕವಲು ದಾರಿಯ ರೈಲು ಹತ್ತಿ. ಬೆಮಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪ. ಕೆಲವು ನಿಲ್ದಾಣಗಳ ಹೆಸರೇ ಗಣಿಗಳ ಹೆಸರು. ಈಗ ಆ್ಯಪ್‌ನ ಹುಡುಕುವ ಜಾಗದಲ್ಲಿ ಒಂದು ಹೆಸರು ಬರೆಯಲು ಹೇಳಿ. ಒಬ್ಬರು ‘ಉರಿಗಾಂ’ ಅಂತ ಬರೆಯುತ್ತಾರೆ. ಒಬ್ಬರು ‘ಊರಗಾಂ’. ಒಬ್ಬರು ತಮಿಳು ಲಿಪಿಯಲ್ಲಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಬ್ರಿಟಿಷರ ಕಾಲದ ವಿಚಿತ್ರ ಕಾಗುಣಿತ ನೆನಪಿರಬೇಕು. ನಾಲ್ವರಿಗೂ ಒಂದೇ ಜಾಗ ಸಿಕ್ಕಿತೇ? ಮೂವರಿಗೆ ‘ಫಲಿತಾಂಶ ಇಲ್ಲ’ ಅಂತ ಬಂದರೆ ಆ್ಯಪ್ ಅಲ್ಲೇ ನಪಾಸು. ಹಿರಿಯರು ಬರೆಯುವುದೇ ಇಲ್ಲ, ಹೇಳುತ್ತಾರೆ. ಅವರ ದನಿಯನ್ನು, ಅವರ ಮಾತಿನ ಧಾಟಿಯನ್ನು ಅದು ಹಿಡಿಯುತ್ತದೆಯೇ ಅನ್ನುವುದನ್ನೂ ನೋಡಬೇಕು.

ರೈಲಿಳಿದು ಹೊರಗೆ ಬನ್ನಿ. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು, ಆದ್ದರಿಂದ ಹೇಳುತ್ತೇನೆ. ಎದುರಿಗೆ ಬೂದು ಬಣ್ಣದ ಉದ್ದನೆಯ ಗುಡ್ಡಗಳು. ಮೇಲೆ ಹೆಚ್ಚು ಗಿಡಮರವಿಲ್ಲ. ಮಳೆ ನೀರು ಹರಿದು ಹರಿದು ಪಕ್ಕೆಗಳಲ್ಲಿ ಆಳವಾದ ಕೊರಕಲು ಬಿದ್ದಿವೆ. ಗಾಳಿ ಬೀಸಿದರೆ ಸಣ್ಣ ಧೂಳು ಏಳುತ್ತದೆ. ಇವೇ ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿ ಇದು. ಒಟ್ಟು ಮೂರು ಕೋಟಿ ಟನ್ ದಾಟುತ್ತದೆ. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಟ ಚಿನ್ನ ಸುಮಾರು 800 ಟನ್. ಚಿನ್ನ ಹೋಯಿತು, ಹುಡಿ ಉಳಿಯಿತು.

ಆದರೆ ಈ ಊರಿನ ಮುಖ್ಯ ಪರಂಪರೆ ಈ ಗುಡ್ಡವಲ್ಲ. ಅದು ನೆಲದ ಕೆಳಗಿದೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಗಿಫೋರ್ಡ್, ಹೀತ್‌ಕೋಟ್, ಎಡ್ಗರ್ ಅಂತ ಗಣಿಗೆ ಇಳಿಯುವ ಒಂದೊಂದು ಶಾಫ್ಟಿಗೆ ಒಂದೊಂದು ಹೆಸರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಒಳಗೆಲ್ಲ ನೀರು. ಮೇಲೆ ನಿಂತವರಿಗೆ ಕಾಣುವುದು ತುಕ್ಕು ಹಿಡಿದ ಕಬ್ಬಿಣದ ಗೋಪುರ ಮತ್ತು ಬೇಲಿ. ಕಾಣದ ವಸ್ತುವನ್ನು ಆ್ಯಪ್ ಹೇಗೆ ತೋರಿಸಬೇಕು?

ಒಂದು ಉದಾಹರಣೆ ಕೊಡುತ್ತೇನೆ. 1965ರಲ್ಲಿ ಇದೇ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು ಎರಡೂಕಾಲು ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ಒಂದು ಉಪಕರಣ ಇಟ್ಟು ಕಾಯುತ್ತಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ, ಈ ಮೂರು ಕಡೆಯವರು ಸೇರಿದ್ದರು. ಆಕಾಶದಿಂದ ಸದಾ ಸುರಿಯುವ ಕಣಗಳನ್ನು ಬಹುಮಟ್ಟಿಗೆ ಮೇಲಿನ ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಎಂಬ ಕಣ ಮಾತ್ರ ಬಂಡೆಯನ್ನು ಹಾದು ಬರುತ್ತದೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಸುಳಿವು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಇದೂ ಒಂದು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು.

ಇದನ್ನು ಪರೀಕ್ಷಿಸುವುದು ಹೇಗೆ? ‘ಇಷ್ಟವಾಯಿತೇ’ ಅಂತ ಕೇಳಬೇಡಿ. ಈ ಕಥೆಯನ್ನು ಆ್ಯಪ್‌ನಲ್ಲಿ ಒಂದು ಸಲ ಕೇಳಿಸಿ. ಕೇಳಿದ ಅಜ್ಜಿ ಅದನ್ನು ಮೊಮ್ಮಗಳಿಗೆ ತನ್ನ ಮಾತಿನಲ್ಲಿ ಹೇಳಲಿ, ತಮಿಳಿನಲ್ಲಾದರೂ ಸರಿ. ಬಂಡೆ, ಆಳ, ಬಂಡೆ ಹಾದು ಬರುವ ಕಣ, ಈ ಮೂರು ಆಕೆಯ ಮಾತಿನಲ್ಲಿ ಬಂದರೆ ಆ್ಯಪ್ ಪಾಸು. ಬಾರದಿದ್ದರೆ ಅದರ ಬರವಣಿಗೆ ಕೆಟ್ಟದಾಗಿದೆ ಅಂತ ಅರ್ಥ. ಬಿಸಿಲಿನಲ್ಲಿ ಫೋನಿನ ಪರದೆ ಹೇಗೂ ಕಾಣುವುದಿಲ್ಲ. ಕೆಜಿಎಫ್‌ನಂಥ ಬಯಲು ಊರಿನಲ್ಲಿ ಕಣ್ಣಿಗಿಂತ ಕಿವಿ ನಂಬಿಕಸ್ಥ. ರೇಡಿಯೋದವನು ಹೀಗೆ ಹೇಳುವುದು ಸ್ವಾರ್ಥ ಅಂದರೂ ಅನ್ನಿ.

ಮತ್ತೊಮ್ಮೆ ನೆನಪು ಮಾಡುತ್ತೇನೆ. ಬಂಗಾರಪೇಟೆಯಲ್ಲಿ ಕಾಣುವುದರ ಪರೀಕ್ಷೆ ಮಾಡಿದೆವು. ಮಾರಿಕುಪ್ಪದ ದಾರಿಯಲ್ಲಿ ಹೆಸರು ಹುಡುಕಿದೆವು. ಚಾಂಪಿಯನ್ ರೀಫ್‌ನಲ್ಲಿ ಕಾಣದ್ದನ್ನು ಕೇಳಿಸಿದೆವು. ಈಗ ಅಪಾಯದ ಮಾತು.

2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂತು, 2022ರಲ್ಲಿ ಎರಡನೆಯ ಭಾಗ. ಸಿನಿಮಾ ನೋಡಿ ಬೈಕ್ ಹತ್ತಿ ಬರುವ ಹುಡುಗರಿಗೆ ಬೇಕಾದ್ದು ಅದರ ನಾಯಕ ರಾಕಿ ನಡೆದ ಜಾಗ. ಅವರೂ ಆ್ಯಪ್ ಬಳಸುತ್ತಾರೆ, ಅವರನ್ನೂ ಪರೀಕ್ಷೆಗೆ ಕೂರಿಸಬೇಕು. ಹೇಗೆಂದರೆ, ಶಾಫ್ಟಿನ ಹೆಸರು ಕೊಟ್ಟು ‘ಹೋಗಿ ನೋಡಿ ಬನ್ನಿ’ ಅಂತ ಕಳಿಸಿ, ಹಿಂದೆ ಒಬ್ಬರು ಹೋಗಿ. ಆ್ಯಪ್ ಅವರನ್ನು ಬೇಲಿಯ ಈಚೆ ನಿಲ್ಲಿಸುತ್ತದೋ, ಆಚೆ ದಾಟಿಸುತ್ತದೋ? ನಕ್ಷೆ ಗೆರೆ ಎಳೆಯುವಾಗ ಬೇಲಿಯನ್ನು ನೋಡುವುದಿಲ್ಲ. ಹತ್ತಿರದ ದಾರಿ ನೋಡುತ್ತದೆ. ಪಾಳುಬಿದ್ದ ಕಟ್ಟಡದ ಕುಸಿದ ನೆಲ ಅದಕ್ಕೆ ಗೊತ್ತಿಲ್ಲ. ಇಲ್ಲಿ ಸಾಮಾನ್ಯ ದೋಷದ ಪಟ್ಟಿ ಸಾಲದು. ಒಬ್ಬನೇ ಒಬ್ಬ ಹುಡುಗ ಬೇಲಿ ದಾಟಿದರೂ ಆ ಜಾಗವನ್ನು ಆ್ಯಪ್‌ನಿಂದ ತೆಗೆದು, ಸರಿ ಮಾಡಿ, ಆಮೇಲೆ ಹಾಕಬೇಕು. ದೂರವೂ ಹಾಗೆಯೇ. ‘ಬರೀ ಐನೂರು ಮೀಟರ್’ ಅಂತ ಆ್ಯಪ್ ಹೇಳುತ್ತದೆ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಅಂಟಿದ ಗಣಿ ಕಾರ್ಮಿಕರಿಗೆ ಆ ಏರು ದಾರಿ ಐನೂರು ಮೀಟರ್ ಅಲ್ಲ.

ಇನ್ನೊಂದು ಸಂಗತಿ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಆ್ಯಪ್‌ನ ಪಟ್ಟಿಯಲ್ಲಿ ಏನಿದೆ? ಹೊರಗಿನವರು ಪಟ್ಟಿ ಮಾಡಿದರೆ ಮೊದಲು ಬರುವುದು ಇಂಗ್ಲಿಷರ ಕ್ಲಬ್ಬು, ಗಾಲ್ಫ್ ಮೈದಾನ, ಬಂಗಲೆಗಳು. ‘ಮಿನಿ ಇಂಗ್ಲೆಂಡ್’ ಅನ್ನುವ ಮಾತು ಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರ ತಂತಿ ಎಳೆದು ಇಲ್ಲಿಗೆ ಕರೆಂಟ್ ತಂದ ಕಥೆ ಬರುತ್ತದೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷದ ಮೇಲೆ. ಬರಲಿ, ಹೆಮ್ಮೆಯ ಕಥೆಯೇ. ಆದರೆ ಗಣಿ ಜೋರಾಗಿದ್ದ ಕಾಲದಲ್ಲಿ ಮೂವತ್ತು ಸಾವಿರ ಕೂಲಿಗಳು ಇಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು. ಅವರಿದ್ದ ಸಾಲು ಮನೆಗಳು, ಅಂದರೆ ಲೈನ್‌ಗಳು, ಪಟ್ಟಿಯಲ್ಲಿವೆಯೇ? ಕಳೆದ ಶತಮಾನದ ಆರಂಭದಲ್ಲಿ ದಲಿತ ಚಿಂತಕ ಅಯೋತಿ ದಾಸ ಪಂಡಿತರ ಬೌದ್ಧ ಸಂಘ ಮಾರಿಕುಪ್ಪದಲ್ಲಿ ಬೇರು ಬಿಟ್ಟದ್ದು ಇದೆಯೇ? ಬಂಡೆ ಸಿಡಿದು ಸತ್ತವರ ನೆನಪು ಇದೆಯೇ? 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಬಿದ್ದ ಕಾರ್ಮಿಕರು?

ಇದನ್ನು ಪತ್ತೆ ಹಚ್ಚುವ ಪರೀಕ್ಷೆಯೂ ಇದೆ. ಲೈನಿನಲ್ಲಿ ಹುಟ್ಟಿ ಬೆಳೆದವರ ಕೈಗೆ ಫೋನ್ ಕೊಟ್ಟು ಒಂದೇ ಕೆಲಸ ಹೇಳಿ: ‘ನಿಮ್ಮ ಅಪ್ಪ ಅಥವಾ ತಾತ ಕೆಲಸ ಮಾಡಿದ ಜಾಗ ಹುಡುಕಿ.’ ಸಿಗದಿದ್ದರೆ ಬಣ್ಣ, ಅಕ್ಷರ, ಬಟನ್ನು ಎಷ್ಟು ಚೆಂದವಿದ್ದರೂ ಆ ಆ್ಯಪ್ ಆ ಮನೆಯದಲ್ಲ.

ಇದೇ ಲೈನಿನ ಜನ 1930ರಲ್ಲಿ ಒಂದು ಮುಷ್ಕರ ಮಾಡಿದರು. ಗಣಿ ಕಂಪನಿಗಳು ಕೂಲಿಗಳ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟವು. ಗಣಿ ಗಣಿಯೇ ನಿಂತುಹೋಯಿತು. ಮೂರು ವಾರ ಕೆಲಸವಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಚರ್ಚಿಸಿದ್ದಾರೆ. ಅಂಥ ಊರಿಗೆ ಬಂದು ನಮ್ಮ ಆ್ಯಪ್ ತೆರೆದ ಕೂಡಲೇ ‘ನೀವಿರುವ ಜಾಗ ನನಗೆ ತಿಳಿಸಲು ಒಪ್ಪಿಗೆ ಕೊಡಿ’ ಅನ್ನುತ್ತದೆ. ಅದೂ ಸಣ್ಣ ಅಕ್ಷರದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಆ ಸಾಲನ್ನು ಓದಿ ಜನ ಏನು ಅರ್ಥ ಮಾಡಿಕೊಂಡರು ಅಂತ ಪ್ರತಿಯೊಬ್ಬರನ್ನೂ ಕೇಳಬೇಕು. ‘ಬೇಡ’ ಅಂದವರಿಗೂ ಆ್ಯಪ್ ನಡೆಯಬೇಕು. ನಡೆಯದಿದ್ದರೆ ಒಪ್ಪಿಗೆ ಕೇಳಿದ್ದು ನಾಟಕ.

ಸ್ಥಳೀಯರನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನ ಅನುಭವ ನೋಡಿ. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಒಂಬತ್ತು ಮತ್ತು ಹತ್ತನೇ ಸಂಪುಟ ಹೊರತಂದರು. ಒಂಬತ್ತು ಬೆಂಗಳೂರಿನದು, ಹತ್ತು ನಮ್ಮ ಕೋಲಾರದ್ದು. ನೂರು ವರ್ಷದ ಮೇಲೆ ಬೆಂಗಳೂರಿನ ಕೆಲವು ಆಸಕ್ತರು ಆ ಪುಸ್ತಕ ಹಿಡಿದು ಕಲ್ಲುಗಳನ್ನು ಹುಡುಕಲು ಹೊರಟರು. 2021ರಿಂದ ಮಿಥಿಕ್ ಸೊಸೈಟಿ ಆ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಾ ಬಂದಿದೆ. ಹೆಬ್ಬಾಳದ ಕಿತ್ತಯ್ಯನ ಶಾಸನದ ಕಲ್ಲು, ಸುಮಾರು ಕ್ರಿ.ಶ. 750ರದು, ಹೊರಬಂದದ್ದು 2018ರಲ್ಲಿ, ಮೋರಿ ಕೆಲಸಕ್ಕೆ ನೆಲ ಅಗೆದಾಗ. ಪುಸ್ತಕ ಊರ ಹೆಸರನ್ನು ಕೊಡುತ್ತದೆ. ಕಲ್ಲು ಇರುವ ಮೂಲೆಯನ್ನು ತೋರಿಸುವವರು ಆ ಊರಿನವರೇ.

ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲೇ ಇನ್ನೂ ಹತ್ತಿರದ ಪಾಠವಿದೆ. ಹೈದರಾಲಿ ಹುಟ್ಟಿದ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋ ಶುರುವಾಯಿತು. ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಸಮುದಾಯಕ್ಕೆ ಪರವಾನಗಿ ಸಿಗುತ್ತಿರಲಿಲ್ಲ. ಅವರು ಕೇಬಲ್ ತಂತಿ ಹಿಡಿದರು. ಊರಿನವರೇ ತಯಾರಿಸಿದ ಕಾರ್ಯಕ್ರಮ ಆ ತಂತಿಯಲ್ಲಿ ಹರಿದು ಮನೆಮನೆಯ ಟೀವಿಯಲ್ಲಿ ದನಿಯಾಗಿ ಕೇಳಿತು. ಮಾಡಿದವರೂ ಕೇಳಿದವರೂ ಒಂದೇ ಬೀದಿಯವರು. ಅರ್ಥವಾಗದಿದ್ದರೆ ಮಾರನೇ ದಿನ ನೀರಿಗೆ ಹೋದ ಕಡೆಯೇ ಹೇಳಿಬಿಡುತ್ತಿದ್ದರು ಅಂತ ಯಾರಾದರೂ ಊಹಿಸಬಹುದು. ಆ್ಯಪ್ ಮಾಡುವವರಿಗೆ ಅಷ್ಟು ಹತ್ತಿರದ ಕಿವಿ ಬೇಕು.

ಕೊನೆಯದಾಗಿ ಒಂದು ತೊಡಕು. ನಮ್ಮ ಸೌಜನ್ಯ. ಬಳಸಲು ಎಷ್ಟು ಸುಲಭ ಅಂತ ಅಳೆಯಲು ಪಾಶ್ಚಾತ್ಯರಲ್ಲಿ ಒಂದು ಪ್ರಸಿದ್ಧ ಪ್ರಶ್ನಾವಳಿ ಇದೆ. ಜಾನ್ ಬ್ರೂಕ್ ಎಂಬವರು 1986ರಲ್ಲಿ ಮಾಡಿದ್ದು. ಹತ್ತು ವಾಕ್ಯ, ನೂರಕ್ಕೆ ಅಂಕ, 68ರ ಸುಮಾರು ಸಾಧಾರಣ. ಅದನ್ನು ಕನ್ನಡಕ್ಕೋ ತಮಿಳಿಗೋ ತಂದು ನಮ್ಮವರ ಮುಂದಿಟ್ಟರೆ ತೊಂಬತ್ತು ಗ್ಯಾರಂಟಿ. ಉಂಡವರನ್ನು ‘ಸಾರು ಹೇಗಿತ್ತು’ ಅಂತ ಕೇಳಿದ ಹಾಗೆ. ಬಿಸಿಲಲ್ಲಿ ಬಂದ ಮಗು, ಪಾಪ, ಕಷ್ಟಪಟ್ಟು ಮಾಡಿದೆ, ‘ಚೆನ್ನಾಗಿದೆ ಕಣಮ್ಮ’ ಅನ್ನುತ್ತಾರೆ. ಆಮೇಲೆ ಆ ಆ್ಯಪ್ ತೆರೆಯುವುದೇ ಇಲ್ಲ. ಆದ್ದರಿಂದ ಪರೀಕ್ಷೆ ಮಾಡುವವರು ಬಾಯಿ ಹೇಳಿದ್ದನ್ನು ಅರ್ಧ ನಂಬಲಿ. ಬೆರಳು ಎಲ್ಲಿ ನಿಂತಿತು, ಹುಬ್ಬು ಯಾವಾಗ ಗಂಟಾಯಿತು, ಇದನ್ನು ಬರೆದುಕೊಳ್ಳಲಿ. ಒಂದು ವಾರ ಬಿಟ್ಟು ಮತ್ತೆ ಹೋಗಿ, ಆ್ಯಪ್ ಫೋನಿನಲ್ಲಿ ಇನ್ನೂ ಇದೆಯೇ ಅಂತ ನೋಡಲಿ.

ಕೆಜಿಎಫ್‌ನ, ಬಂಗಾರಪೇಟೆಯ ಕೇಳುಗರೇ, ನಿಮ್ಮಲ್ಲಿ ಒಂದು ಕೋರಿಕೆ. ಯಾರಾದರೂ ಹುಡುಗಿಯೋ ಹುಡುಗನೋ ಫೋನ್ ಹಿಡಿದು ನಿಮ್ಮ ಮನೆಗೆ ಬಂದು ‘ಅಣ್ಣಾ, ಅಮ್ಮಾ, ಇದನ್ನು ಸ್ವಲ್ಪ ನೋಡಿ’ ಅಂದರೆ ಅರ್ಧ ಗಂಟೆ ಕೊಡಿ. ಸೌಜನ್ಯ ಬೇಡ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಅನ್ನಿ. ಶಾಫ್ಟಿನ ಹೆಸರು ತಪ್ಪಿದ್ದರೆ ತಪ್ಪು ಅನ್ನಿ. ನಿಮ್ಮ ಲೈನ್ ಅದರಲ್ಲಿ ಇಲ್ಲದಿದ್ದರೆ, ಅದನ್ನು ಸೇರಿಸಿಕೊಂಡು ಮತ್ತೆ ಬಾ ಅಂತ ಹೇಳಿ ಕಳಿಸಿ.